ಹೊರದೇಶದಲ್ಲಿ ದೊಡ್ಡ ಹೋಟೆಲಿನ ಊಟ, ಕೈಗೆಟಕುವ ಬೆಲೆಗೆ

ಪ್ಯಾರಿಸ್‌ಗೆ ಹೋಗಿ ಬಂದವರನ್ನು ಊಟ ಹೇಗಿತ್ತು ಅಂತ ಕೇಳಿ ನೋಡಿ. "ಒಂದು ಇಂಡಿಯನ್ ರೆಸ್ಟೋರೆಂಟ್ ಸಿಕ್ತು, ಬಚಾವಾದ್ವಿ" ಅನ್ನುತ್ತಾರೆ. ಇಲ್ಲವೇ "ಬ್ರೆಡ್ಡು, ಪಿಜ್ಜಾದಲ್ಲೇ ದಿನ ಕಳೆದ್ವಿ" ಅನ್ನುತ್ತಾರೆ. ವಿಮಾನಕ್ಕೆ, ವೀಸಾಕ್ಕೆ, ಮ್ಯೂಸಿಯಂ ಟಿಕೆಟ್ಟಿಗೆ ಲಕ್ಷಗಟ್ಟಲೆ ಸುರಿದಿರುತ್ತಾರೆ. ಆ ಊರಿನ ಒಳ್ಳೆಯ ಅಡುಗೆಯ ರುಚಿ ಮಾತ್ರ ಒಮ್ಮೆಯೂ ನೋಡಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಒಂದು ಊರನ್ನು ನೋಡುವುದು ಅಂದರೆ ಅಲ್ಲಿನ ಅಡುಗೆಮನೆಯನ್ನೂ ನೋಡಿದಂತೆ ಆಗಬೇಕು.

ತಡೆಯುವುದು ಬೆಲೆಯ ಭಯ. ಆ ಭಯದಲ್ಲಿ ಅರ್ಧ ಮಾತ್ರ ನಿಜ. ಹೆಸರಾಂತ ರೆಸ್ಟೋರೆಂಟುಗಳ ರಾತ್ರಿ ಊಟ ನಮ್ಮಂಥವರ ಕೈಗೆ ದುಬಾರಿಯೇ. ಆದರೆ ಅದೇ ಅಡುಗೆಮನೆ, ಅದೇ ಬಾಣಸಿಗರು ಮಧ್ಯಾಹ್ನ ಅರ್ಧ ಬೆಲೆಗೆ, ಕೆಲವೊಮ್ಮೆ ಇನ್ನೂ ಕಡಿಮೆಗೆ ಬಡಿಸುತ್ತಾರೆ. ನಮಗೆ ಮೊದಲಿಂದಲೂ ಮಧ್ಯಾಹ್ನದ ಊಟವೇ ದೊಡ್ಡ ಊಟ ಅಲ್ವಾ? ಮದುವೆ ಊಟವೂ ಮಧ್ಯಾಹ್ನವೇ. ಹಾಗಾಗಿ ಈ ಕ್ರಮ ನಮಗೆ ಸುಲಭವಾಗಿ ಒಗ್ಗುತ್ತದೆ.

ಮೊದಲ ಹೆಜ್ಜೆ: ಪ್ರವಾಸಕ್ಕೆ ಒಂದೇ ಊಟ, ಅದೂ ಮಧ್ಯಾಹ್ನದ್ದು

ವಾರದ ಪ್ರವಾಸದಲ್ಲಿ ಒಂದೇ ಒಂದು ದೊಡ್ಡ ಊಟ ಇಟ್ಟುಕೊಳ್ಳಿ. ಉಳಿದ ದಿನ ಬೇಕರಿ, ಸಂತೆ, ರಸ್ತೆಬದಿಯ ತಿಂಡಿ ಸಾಕು. ಮೂರು ದಿನ ಮೂರು ಸಾಧಾರಣ ಟೂರಿಸ್ಟ್ ರೆಸ್ಟೋರೆಂಟಿಗೆ ಹೋಗುವ ದುಡ್ಡನ್ನು ಒಂದು ಒಳ್ಳೆಯ ಊಟಕ್ಕೆ ಹಾಕಿದರೆ ಖರ್ಚು ಅಷ್ಟೇ ಆಗುತ್ತದೆ, ನೆನಪು ಮಾತ್ರ ಬೇರೆಯದೇ ಉಳಿಯುತ್ತದೆ.

ಮಧ್ಯಾಹ್ನ ಯಾಕೆ ಅಗ್ಗ? ಬಾಡಿಗೆ, ಸಂಬಳ ಹೇಗೂ ಕೊಡಲೇಬೇಕು. ರಾತ್ರಿ ಟೇಬಲ್‌ಗಳು ತಾವಾಗಿಯೇ ತುಂಬುತ್ತವೆ. ಕೆಲಸದ ದಿನದ ಮಧ್ಯಾಹ್ನ ತುಂಬಿಸುವುದು ಕಷ್ಟ. ಅದಕ್ಕೇ ಐಟಂ ಕಡಿಮೆ ಮಾಡಿ, ಸಿಗಡಿ, ಟ್ರಫಲ್ ಅಣಬೆಯಂಥ ದುಬಾರಿ ಸಾಮಾನು ಬಿಟ್ಟು, ಆ ದಿನದ ಸಂತೆಯಲ್ಲಿ ಚೆನ್ನಾಗಿ ಸಿಕ್ಕಿದ್ದರಲ್ಲಿ ಒಂದು ಸಣ್ಣ ಊಟ ಕಟ್ಟುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಾಣಸಿಗರ ಕೈಚಳಕ ಕಾಣುವುದು ಇಲ್ಲೇ. ದುಬಾರಿ ಸಾಮಾನನ್ನು ರುಚಿ ಮಾಡುವುದು ದೊಡ್ಡ ಮಾತಲ್ಲ. ಒಂದು ಗೆಡ್ಡೆಕೋಸನ್ನು ಮರೆಯದಂತೆ ಮಾಡುವುದು ದೊಡ್ಡ ಮಾತು.

ಪ್ಯಾರಿಸ್‌ನಲ್ಲಿ ಮಿಶೆಲಿನ್ ಗೈಡ್ (ಒಳ್ಳೆಯ ರೆಸ್ಟೋರೆಂಟುಗಳನ್ನು ಆರಿಸಿ ಹೇಳುವ ಕೈಪಿಡಿ) ಒಂದು ಸ್ಟಾರ್ ಕೊಟ್ಟಿರುವ ರೆಸ್ಟೋರೆಂಟುಗಳಲ್ಲಿ 50ರಿಂದ 80 ಯೂರೋ ಒಳಗೆ ಮಧ್ಯಾಹ್ನದ ಊಟ ಕೊಡುವ ಜಾಗಗಳು ಸಾಕಷ್ಟಿವೆ. ಅಲ್ಲೇ ರಾತ್ರಿ 120 ಯೂರೋ ದಾಟುವುದು ಸಾಮಾನ್ಯ. ಟೋಕಿಯೋದಲ್ಲಿ ಅಂತರ ಇನ್ನೂ ಜಾಸ್ತಿ. ಸುಶಿ, ತೆಂಪುರಾದಂಥ ಜಪಾನಿ ಅಡುಗೆಯ ಜಾಗಗಳಲ್ಲಿ ರಾತ್ರಿಯ ಬೆಲೆಯ ಮೂರನೇ ಒಂದು ಭಾಗಕ್ಕೆ ಮಧ್ಯಾಹ್ನದ ಸೆಟ್ ಸಿಗುವುದುಂಟು. ಸ್ಪೇನ್‌ನಲ್ಲಿ 'ಮೆನು ದೆಲ್ ದಿಯಾ' ಅಂತ ಇದೆ. ಕೆಲಸದ ದಿನ ಮಧ್ಯಾಹ್ನ ಎರಡು ಬಗೆಯ ಊಟ, ಸಿಹಿ ಅಥವಾ ಕಾಫಿ, ಬ್ರೆಡ್, ಕುಡಿಯಲು ಏನಾದರೂ, ಎಲ್ಲ ಸೇರಿ ಒಂದೇ ದರ. ಲಂಡನ್, ನ್ಯೂಯಾರ್ಕ್‌ಗಳಲ್ಲಿ ನಾಟಕ ಶುರುವಾಗುವ ಮುಂಚೆ, ಸಂಜೆ ಐದೂವರೆ ಆರರ ಹೊತ್ತಿಗೆ 'ಪ್ರೀ-ಥಿಯೇಟರ್' ಊಟ ಕೊಡುತ್ತಾರೆ. ಮಧ್ಯಾಹ್ನ ಪುರುಸೊತ್ತಿಲ್ಲದವರಿಗೆ ಅದು ಒಳ್ಳೆಯ ದಾರಿ.

ಎರಡನೇ ಹೆಜ್ಜೆ: ಜಾಗ ಹುಡುಕುವುದು

ಮಿಶೆಲಿನ್ ಗೈಡ್‌ನ ಹೆಸರು ಕೇಳಿಯೇ ಇರುತ್ತೀರಿ. ಟೈರ್ ಮಾಡುವ ಕಂಪನಿ 1900ರಲ್ಲಿ ಕಾರು ಓಡಿಸುವವರಿಗಾಗಿ ಹೊರತಂದ ಸಣ್ಣ ಪುಸ್ತಕ ಅದು. ಜನ ಹೆಚ್ಚು ಓಡಾಡಿದರೆ ಟೈರ್ ಹೆಚ್ಚು ಸವೆಯುತ್ತದೆ, ಅಷ್ಟೇ ಲೆಕ್ಕ. 1926ರಲ್ಲಿ ಸ್ಟಾರ್ ಕೊಡಲು ಶುರು ಮಾಡಿದರು. ಸ್ಟಾರ್ ಸಿಗುವುದು ತಟ್ಟೆಯಲ್ಲಿರುವುದಕ್ಕೆ ಮಾತ್ರ. ಗೋಡೆ, ಕುರ್ಚಿ, ತೂಗುದೀಪಗಳ ಲೆಕ್ಕ ಅದರಲ್ಲಿಲ್ಲ. ಅದಕ್ಕೇ 2016ರಲ್ಲಿ ಸಿಂಗಾಪುರದ ಎರಡು ಹಾಕರ್ ಅಂಗಡಿಗಳಿಗೂ ಸ್ಟಾರ್ ಬಂತು. ನಮ್ಮ ದರ್ಶಿನಿಯ ಹಾಗೆ ಕೌಂಟರಿನಲ್ಲಿ ತಟ್ಟೆ ತಗೊಂಡು ತಿನ್ನುವ ಅಂಗಡಿಗಳು ಅವು.

ಬಜೆಟ್ ನೋಡುವವರಿಗೆ ಸ್ಟಾರ್‌ಗಿಂತ ಮುಖ್ಯವಾದ ಗುರುತು 'ಬಿಬ್ ಗೌರ್ಮಾಂಡ್'. 1997ರಿಂದ ಇದೆ. ಒಳ್ಳೆಯ ಅಡುಗೆ, ನ್ಯಾಯವಾದ ಬೆಲೆ ಎಂಬುದು ಇದರ ಅರ್ಥ. ಮಿಶೆಲಿನ್ ವೆಬ್‌ಸೈಟ್ ಮತ್ತು ಆ್ಯಪ್ ಎರಡೂ ಉಚಿತ. ಊರಿನ ಹೆಸರು ಹಾಕಿ, ಈ ಗುರುತು ಆರಿಸಿ, ನೀವು ಉಳಿಯುವ ಜಾಗದ ಹತ್ತಿರದ ನಾಲ್ಕೈದು ಹೆಸರು ಬರೆದಿಟ್ಟುಕೊಳ್ಳಿ. ಆಮೇಲೆ ಆಯಾ ರೆಸ್ಟೋರೆಂಟಿನ ಸ್ವಂತ ವೆಬ್‌ಸೈಟಿಗೆ ಹೋಗಿ ಮಧ್ಯಾಹ್ನದ ದರ ನೋಡಿ. ಬೇರೆಲ್ಲೋ ಓದಿದ ದರವನ್ನು ನಂಬಬೇಡಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ: ಅಡುಗೆ ಕಾಲೇಜುಗಳು. ಪ್ಯಾರಿಸ್‌ನ ಫೆರಾಂದಿ ಶಾಲೆಗೆ ಎರಡು ರೆಸ್ಟೋರೆಂಟುಗಳಿವೆ, 'ಲ ಪ್ರಮಿಯೆ' ಮತ್ತು 'ಲ 28'. ಅಡುಗೆ ಮಾಡುವವರು, ಬಡಿಸುವವರು ವಿದ್ಯಾರ್ಥಿಗಳು. ಪಕ್ಕದಲ್ಲಿ ನಿಂತು ತಿದ್ದುವವರು ಪಳಗಿದ ಗುರುಗಳು. ಲಂಡನ್‌ನ ವಿನ್ಸೆಂಟ್ ಸ್ಕ್ವೇರ್‌ನಲ್ಲಿ ಅಡುಗೆ ಕಾಲೇಜಿನದೇ 'ವಿನ್ಸೆಂಟ್ ರೂಮ್ಸ್' ಇದೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಶಾಲೆಯ 'ಬೆರ್ಸೊ ದೆ ಸಾನ್ಸ್'ಗೆ ಮಿಶೆಲಿನ್ ಸ್ಟಾರೇ ಬಂದಿದೆ. ಕಲಿಯುವ ಮಕ್ಕಳು ಇಷ್ಟು ಶ್ರದ್ಧೆಯಿಂದ ಬಡಿಸುತ್ತಾರೆ ಅಂದರೆ, ನನಗೆ ಈ ಜಾಗಗಳ ಮೇಲೆ ವಿಶೇಷ ಪ್ರೀತಿ. ತಟ್ಟೆ ಇಡುವಾಗ ಕೈ ಸ್ವಲ್ಪ ನಡುಗುತ್ತದೆ. ಅದರಲ್ಲಿರುವ ಸಾಸ್ ಮಾತ್ರ ಅಪ್ಪಟ. ಇವು ತೆರೆದಿರುವುದು ಕಾಲೇಜು ನಡೆಯುವ ದಿನಗಳಲ್ಲಿ ಮಾತ್ರ. ರಜೆಯಲ್ಲಿ ಹೋದರೆ ಬಾಗಿಲು ಹಾಕಿರುತ್ತದೆ.

ನ್ಯೂಯಾರ್ಕ್‌ಗೆ ಹೋಗುವವರು 'ರೆಸ್ಟೋರೆಂಟ್ ವೀಕ್' (ಹಲವು ರೆಸ್ಟೋರೆಂಟುಗಳು ನಿಗದಿ ದರಕ್ಕೆ ಊಟ ಕೊಡುವ ದಿನಗಳು) ಯಾವಾಗ ಅಂತ ನೋಡಿಕೊಳ್ಳಿ. 1992ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶಕ್ಕೆ ಬಂದವರಿಗಾಗಿ ಶುರುವಾಯಿತು. ಆಗ ಊಟದ ದರ ಇಸವಿಯಷ್ಟೇ ಇತ್ತು: 19 ಡಾಲರ್ 92 ಸೆಂಟ್. ಈಗ ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನಡೆಯುತ್ತದೆ.

ನಮ್ಮ ಕಡೆಯ ರುಚಿಯನ್ನೇ ಈ ಮಟ್ಟದಲ್ಲಿ ನೋಡುವ ಆಸೆ ಇದ್ದರೆ ಲಂಡನ್‌ನ 'ಕ್ವಿಲಾನ್' ಇದೆ. ದಕ್ಷಿಣದ ಕರಾವಳಿ ಅಡುಗೆ. ಅದರ ಶೆಫ್ ಶ್ರೀರಾಮ್ ಅಯ್ಲೂರ್ ಮೊದಲು ಬೆಂಗಳೂರಿನ 'ಕರಾವಳಿ' ರೆಸ್ಟೋರೆಂಟಿನ ಅಡುಗೆಮನೆ ನಡೆಸಿದವರು. 2008ರಲ್ಲಿ ಕ್ವಿಲಾನ್‌ಗೆ ಸ್ಟಾರ್ ಬಂತು.

ಮೂರನೇ ಹೆಜ್ಜೆ: ಟೇಬಲ್ ಕಾದಿರಿಸುವುದು

ಸುಮ್ನೆ ಹೋಗಿ ನಿಂತರೆ ಜಾಗ ಸಿಗುವುದಿಲ್ಲ. ಒಂದು ತಿಂಗಳು ಮುಂಚೆಯಾದರೂ ಬುಕ್ ಮಾಡಿ. ಮಂಗಳವಾರದಿಂದ ಶುಕ್ರವಾರದ ಮಧ್ಯಾಹ್ನ ಸುಲಭ. ಪ್ಯಾರಿಸ್‌ನಲ್ಲಿ ಭಾನುವಾರ, ಸೋಮವಾರ ಎಷ್ಟೋ ಒಳ್ಳೆಯ ಜಾಗಗಳು ಮುಚ್ಚಿರುತ್ತವೆ. ಆಗಸ್ಟ್‌ನಲ್ಲಿ ವಾರಗಟ್ಟಲೆ ರಜೆ. ಮಧ್ಯಾಹ್ನದ ಅಗ್ಗದ ಮೆನು ಶನಿವಾರ ಇಲ್ಲದಿರುವುದೂ ಉಂಟು, ಅದನ್ನು ಮೊದಲೇ ಖಚಿತ ಮಾಡಿಕೊಳ್ಳಿ.

ಫ್ರಾನ್ಸ್, ಇಟಲಿ, ಸ್ಪೇನ್‌ನಲ್ಲಿ 'ದಿ ಫೋರ್ಕ್' ಆ್ಯಪ್ ಚೆನ್ನಾಗಿದೆ. ಕೆಲವು ರೆಸ್ಟೋರೆಂಟುಗಳಲ್ಲಿ ಅದರ ಮೂಲಕ ರಿಯಾಯಿತಿಯೂ ಸಿಗುತ್ತದೆ. ಅಮೆರಿಕದಲ್ಲಿ 'ರೆಸಿ', 'ಓಪನ್ ಟೇಬಲ್'. ಜಪಾನಿನಲ್ಲಿ 'ಟೇಬಲ್‌ಚೆಕ್'. ಭಾಷೆ ತೊಡಕಾದರೆ ನೀವು ಉಳಿಯುವ ಹೋಟೆಲಿನ ರಿಸೆಪ್ಷನ್‌ಗೆ ಮೊದಲೇ ಒಂದು ಮೇಲ್ ಹಾಕಿ, ಬುಕ್ ಮಾಡಿಸಿಕೊಡಿ ಅಂತ ಕೇಳಿ. ಜಪಾನಿನಲ್ಲಿ ಇದು ತುಂಬ ಸಾಮಾನ್ಯ.

ಬುಕ್ ಮಾಡುವಾಗ ಕಾರ್ಡ್ ನಂಬರ್ ಕೇಳುತ್ತಾರೆ. ಹೆದರಬೇಡಿ, ಆದರೆ ಷರತ್ತು ಓದಿ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ತಲೆಗೆ ಇಷ್ಟು ಅಂತ ಕಾರ್ಡಿನಿಂದ ತೆಗೆದುಕೊಳ್ಳುತ್ತಾರೆ. ರದ್ದು ಮಾಡಲು ಸಾಮಾನ್ಯವಾಗಿ 24 ಅಥವಾ 48 ಗಂಟೆಯ ಗಡುವು ಇರುತ್ತದೆ. ಆ ಗಂಟೆಗಳು ಅಲ್ಲಿನ ಸಮಯದ್ದು. ವಿಮಾನ ಇಳಿದ ದಿನಕ್ಕಂತೂ ಬುಕ್ ಮಾಡಬೇಡಿ. ವಿಮಾನ ತಡವಾಗಬಹುದು. ಆಗದಿದ್ದರೂ ನಿದ್ದೆಗಣ್ಣಲ್ಲಿ ತಿಂದ ಊಟಕ್ಕೆ ರುಚಿ ಇಲ್ಲ. ಮೂರನೇ ಅಥವಾ ನಾಲ್ಕನೇ ದಿನ ಸರಿ.

ನಾಲ್ಕನೇ ಹೆಜ್ಜೆ: ಸಸ್ಯಾಹಾರಿಗಳು ಇದನ್ನು ಬಿಡದೆ ಓದಿ

ನನ್ನ ಅಮ್ಮ ಅಪ್ಪಟ ಸಸ್ಯಾಹಾರಿ. ಅಮ್ಮನನ್ನು ಮೊದಲ ಸಲ ಯುರೋಪಿಗೆ ಕರಕೊಂಡು ಹೋದಾಗ ಒಂದು ಒಳ್ಳೆಯ ರೆಸ್ಟೋರೆಂಟಿನಲ್ಲಿ ಟೇಬಲ್ ಮುಂದೆ ಕೂತ ಮೇಲೆ "ವೆಜಿಟೇರಿಯನ್" ಅಂದೆ. ಅವರು ಮುಖ ಮುಖ ನೋಡಿಕೊಂಡರು. ಅಮ್ಮನಿಗೆ ಕೊನೆಗೆ ಸಿಕ್ಕಿದ್ದು ಸಲಾಡ್, ಬ್ರೆಡ್ಡು, ಐಸ್‌ಕ್ರೀಮು. ದರ ಪೂರ್ತಿ. ಅಮ್ಮ ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ನೋವು. ಈ ಅಡುಗೆಮನೆಗಳಲ್ಲಿ ಸಾಸು, ಸ್ಟಾಕು (ಮೂಳೆ, ಮಾಂಸ ಬೇಯಿಸಿ ತೆಗೆದ ತಿಳಿಸಾರು) ಎಲ್ಲ ಹಿಂದಿನ ದಿನವೇ ತಯಾರಾಗಿರುತ್ತವೆ. ಟೇಬಲ್ ಮೇಲೆ ಹೇಳಿದರೆ ಅವರಿಂದಲೂ ಏನೂ ಮಾಡಲಾಗುವುದಿಲ್ಲ. ಬುಕ್ ಮಾಡುವಾಗಲೇ ಹೇಳಿದರೆ ಕೆಲವರು ನಿಮಗೆಂದೇ ಪೂರ್ತಿ ಬೇರೆ ಊಟ ಕಟ್ಟುತ್ತಾರೆ.

ಬರೀ "ವೆಜ್" ಅಂದರೆ ಸಾಲದು. ಹೀಗೆ ಬಿಡಿಸಿ ಬರೆಯಿರಿ: ನಾವು ಮಾಂಸ, ಕೋಳಿ, ಮೀನು, ಸಿಗಡಿ ತಿನ್ನುವುದಿಲ್ಲ. ಅವುಗಳ ಸ್ಟಾಕ್, ಸಾಸ್, ಜೆಲಟಿನ್ (ಮೂಳೆ, ಚರ್ಮದಿಂದ ತೆಗೆದ ಅಂಟು) ಕೂಡ ಬೇಡ. ಹಾಲು, ಬೆಣ್ಣೆ, ಚೀಸ್ ಆಗುತ್ತದೆ. ಮೊಟ್ಟೆ ಆಗುತ್ತದೆ, ಅಥವಾ ಆಗುವುದಿಲ್ಲ. ಮೊಟ್ಟೆಯ ವಿಷಯ ಬರೆಯಲೇಬೇಕು. ಅಲ್ಲಿ ಸಸ್ಯಾಹಾರ ಅಂದರೆ ಮೊಟ್ಟೆ ಸೇರಿಯೇ. ಮೊಟ್ಟೆ ಇಲ್ಲ ಅಂದರೆ ಫ್ರಾನ್ಸಿನಲ್ಲಿ ಸಿಹಿಯ ಆಯ್ಕೆ ತುಂಬ ಕಡಿಮೆಯಾಗುತ್ತದೆ, ಅದಕ್ಕೂ ಸಿದ್ಧರಾಗಿರಿ. ಉತ್ತರ ಬಂದ ಮೇಲೆಯೇ ಊಟ ಪಕ್ಕಾ ಅಂದುಕೊಳ್ಳಿ. ಆಗುವುದಿಲ್ಲ ಅಂದರೆ ಬೇಜಾರು ಬೇಡ, ಮುಂದಿನ ಹೆಸರಿಗೆ ಹೋಗಿ.

ಕೆಲವು ಮರೆಯಾಗಿರುವ ಸಂಗತಿಗಳು: ಪಾರ್ಮೆಜಾನೊ ಚೀಸ್‌ಗೆ ಹಾಲನ್ನು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಲೇಬೇಕು ಅನ್ನುವುದು ಅದರ ನಿಯಮ. ಪನ್ನಕೋಟಾದಂಥ ಸಿಹಿಗಳಲ್ಲಿ ಜೆಲಟಿನ್ ಇರುತ್ತದೆ. ಥಾಯ್ಲೆಂಡಿನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಅಲ್ಲಿ 'ಜೇ' ಅನ್ನುವ ಪದ ನೆನಪಿಡಿ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ, ಬೆಳ್ಳುಳ್ಳಿ ಈರುಳ್ಳಿಯನ್ನೂ ಬಿಟ್ಟ ಅಡುಗೆ ಅದು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ.

ಜಪಾನ್ ಸಸ್ಯಾಹಾರಿಗಳಿಗೆ ಕಷ್ಟದ ದೇಶ. ಒಣಗಿಸಿದ ಮೀನಿನಿಂದ ಇಳಿಸಿದ 'ದಾಶಿ' ಎಂಬ ತಿಳಿಸಾರು ಬಹುತೇಕ ಎಲ್ಲದರಲ್ಲೂ ಇರುತ್ತದೆ. ಆದರೆ ಅದೇ ದೇಶದಲ್ಲಿ ಸಸ್ಯಾಹಾರಿಗಳಿಗೆಂದೇ ನೂರಾರು ವರ್ಷಗಳಿಂದ ಬೆಳೆದು ಬಂದ ಸೊಗಸಾದ ಅಡುಗೆಯೂ ಇದೆ: ಬೌದ್ಧ ಮಠಗಳ 'ಶೋಜಿನ್ ರ್ಯೋರಿ'. ಕ್ಯೋಟೋದ ಅರಾಶಿಯಾಮಾದಲ್ಲಿರುವ ತೆನ್ರ್ಯೂಜಿ ದೇವಾಲಯ 1339ರಲ್ಲಿ ಸ್ಥಾಪನೆಯಾದದ್ದು. ಅದರ ಆವರಣದಲ್ಲೇ 'ಶಿಗೆತ್ಸು' ಎಂಬ ಊಟದ ಮನೆ ಇದೆ. ಚಾಪೆಯ ಮೇಲೆ ಸಾಲಾಗಿ ಕೂರಿಸಿ, ಕೆಂಪು ಅರಗಿನ ಬಟ್ಟಲುಗಳಲ್ಲಿ ಬಡಿಸುತ್ತಾರೆ. ಎಳ್ಳಿನ ತೋಫು, ಬೇಯಿಸಿದ ಗೆಡ್ಡೆಗಳು, ಉಪ್ಪಿನಲ್ಲಿಟ್ಟ ತರಕಾರಿ, ಅನ್ನ, ಸಾರು. ಸಾರಿನ ತಿಳಿ 'ಕೊಂಬು' ಎಂಬ ಸಮುದ್ರದ ಪಾಚಿ ಮತ್ತು ಅಣಬೆಯದು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ನಮ್ಮ ಉಡುಪಿ ಮಠದ ಪಂಕ್ತಿಯಲ್ಲಿ ಕೂತು ಉಂಡವರಿಗೆ ಇದು ಅಪರಿಚಿತ ಅನ್ನಿಸುವುದೇ ಇಲ್ಲ. ಚಿಕ್ಕ ಸೆಟ್ ಸುಮಾರು 4 ಸಾವಿರ ಯೆನ್ ಆಸುಪಾಸು, ದೇವಾಲಯದ ತೋಟದ ಪ್ರವೇಶ ಶುಲ್ಕ ಬೇರೆ. ಮಧ್ಯಾಹ್ನ ಮಾತ್ರ. ಸಸ್ಯಾಹಾರಿಯೊಬ್ಬರು ಜಪಾನಿನಲ್ಲಿ ಒಂದೇ ಊಟಕ್ಕೆ ಖರ್ಚು ಮಾಡುವುದಾದರೆ ನಾನು ಕಣ್ಣು ಮುಚ್ಚಿಕೊಂಡು ಹೇಳುವ ಜಾಗ ಇದು.

ದುಬೈಗೆ ಹೋಗುವವರಿಗೆ 'ಅವತಾರ' ಇದೆ. ಪೂರ್ತಿ ಸಸ್ಯಾಹಾರಿ ಭಾರತೀಯ ರೆಸ್ಟೋರೆಂಟ್, 2023ರಲ್ಲಿ ಮಿಶೆಲಿನ್ ಸ್ಟಾರ್ ಪಡೆದದ್ದು.

ಐದನೇ ಹೆಜ್ಜೆ: ಮೆನು ಕಾರ್ಡಿನಲ್ಲಿರುವ ದರ, ಕೈಯಿಂದ ಹೋಗುವ ದುಡ್ಡು

ದರ ಪಟ್ಟಿಯಲ್ಲಿ ಕಾಣುವ ಸಂಖ್ಯೆಯ ಅರ್ಥ ದೇಶದಿಂದ ದೇಶಕ್ಕೆ ಬೇರೆ. ಹೋಗುವ ಮುಂಚೆ ಲೆಕ್ಕ ಹಾಕಿಕೊಳ್ಳಿ.

ಫ್ರಾನ್ಸಿನಲ್ಲಿ ತೆರಿಗೆ, ಸರ್ವಿಸ್ ಎರಡೂ ದರದಲ್ಲೇ ಸೇರಿರುತ್ತವೆ. ಜಪಾನಿನಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ, ಇಟ್ಟು ಬಂದರೆ ಹಿಂದೆಯೇ ಓಡಿ ಬಂದು ವಾಪಸ್ ಕೊಡುತ್ತಾರೆ. ಆದರೆ ದೊಡ್ಡ ಜಾಗಗಳಲ್ಲಿ ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಹಾಕಿರುತ್ತಾರೆ. ಸಿಂಗಾಪುರದಲ್ಲಿ ದರದ ಮುಂದೆ ಎರಡು ಪ್ಲಸ್ ಚಿಹ್ನೆ ಇದ್ದರೆ, ಅದರ ಮೇಲೆ ಶೇ 10 ಸರ್ವಿಸ್, ಅದೆಲ್ಲದರ ಮೇಲೆ ಶೇ 9 ಜಿಎಸ್‌ಟಿ. 50 ಡಾಲರ್‌ನ ಊಟ 59 ಡಾಲರ್ 95 ಸೆಂಟ್ ಆಗುತ್ತದೆ. ಬ್ಯಾಂಕಾಕ್‌ನಲ್ಲೂ ಹೀಗೇ, ಶೇ 10 ಮತ್ತು ಶೇ 7. ಸಾವಿರ ಬಾತ್ ಅಂದದ್ದು 1,177 ಬಾತ್. ಲಂಡನ್‌ನಲ್ಲಿ ಸಾಮಾನ್ಯವಾಗಿ ಶೇ 12.5ರಷ್ಟು ಸರ್ವಿಸ್ ಸೇರಿಸಿರುತ್ತಾರೆ, ಮೇಲೆ ಟಿಪ್ಸ್ ಬೇಕಿಲ್ಲ.

ಅಮೆರಿಕ ಎಲ್ಲಕ್ಕಿಂತ ಭಾರ. ನ್ಯೂಯಾರ್ಕ್ ನಗರದಲ್ಲಿ 60 ಡಾಲರ್ ಊಟಕ್ಕೆ ಶೇ 8.875 ತೆರಿಗೆ, ಶೇ 20 ಟಿಪ್ಸ್ ಸೇರಿ 77 ಡಾಲರ್ ದಾಟುತ್ತದೆ. ಟಿಪ್ಸ್ ಬಿಡುವ ಹಾಗಿಲ್ಲ. ಅಲ್ಲಿ ಬಡಿಸುವವರ ಜೀವನ ನಡೆಯುವುದೇ ಅದರಿಂದ.

ಆರನೇ ಹೆಜ್ಜೆ: ಬಟ್ಟೆ, ಹೊತ್ತು

ಮಧ್ಯಾಹ್ನ ಕೋಟು, ಟೈ ಬೇಕಾಗುವುದು ಅಪರೂಪ. ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು, ಶೂ ಸಾಕು. ಚಡ್ಡಿ, ಹವಾಯಿ ಚಪ್ಪಲಿ ಬೇಡ. ಸೀರೆ ಎಲ್ಲ ಕಡೆಗೂ ಒಪ್ಪುತ್ತದೆ. ಜಪಾನಿನ ಸುಶಿ ಕೌಂಟರಿಗೆ ಸೆಂಟು ಹಾಕಿಕೊಂಡು ಹೋಗಬೇಡಿ, ಪಕ್ಕದವರ ಊಟದ ಘಮ ಕೆಡುತ್ತದೆ. ಐದು ನಿಮಿಷ ಮುಂಚೆ ಇರಿ. ಮಕ್ಕಳಿದ್ದರೆ ಯಾವ ವಯಸ್ಸಿನವರನ್ನು ಬಿಡುತ್ತಾರೆ ಅಂತ ಬುಕ್ ಮಾಡುವಾಗಲೇ ಕೇಳಿ.

ಏಳನೇ ಹೆಜ್ಜೆ: ಟೇಬಲ್ ಮುಂದೆ

ಬಿಲ್ ಏರುವುದು ಊಟದಿಂದಲ್ಲ, ಊಟದ ಸುತ್ತಮುತ್ತ ಬರುವ ಸಣ್ಣ ಸಣ್ಣ ಪ್ರಶ್ನೆಗಳಿಂದ. ಕೂತ ತಕ್ಷಣ ನಗುನಗುತ್ತಾ "ಒಂದು ಗ್ಲಾಸ್ ಶಾಂಪೇನ್?" ಅನ್ನುತ್ತಾರೆ. ಸ್ವಾಗತದ ಉಪಚಾರ ಅಂದುಕೊಂಡು ಹೂಂ ಅನ್ನಬೇಡಿ, ಅದಕ್ಕೆ ದುಡ್ಡಿದೆ. ನಂತರ "ನೀರು ಯಾವುದು, ಸ್ಟಿಲ್ಲಾ, ಸ್ಪಾರ್ಕ್ಲಿಂಗಾ?" ಅನ್ನುತ್ತಾರೆ. ಸಾದಾ ಇರಲಿ, ಗುಳ್ಳೆ ಬರುವ ಸೋಡಾದಂಥದ್ದಿರಲಿ, ಎರಡೂ ಬಾಟಲಿ ನೀರೇ. ಫ್ರಾನ್ಸಿನಲ್ಲಿ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕು ಅನ್ನುವುದು ಕಾನೂನು. "ಉನ್ ಕರಾಫ್ ದೋ, ಸಿಲ್ ವು ಪ್ಲೇ" ಅಂದರೆ ಜಗ್ಗಿನಲ್ಲಿ ತಂದಿಡುತ್ತಾರೆ. ಕೇಳಲು ಸಂಕೋಚ ಬೇಡ, ಅಲ್ಲಿನವರೂ ಅದನ್ನೇ ಕೇಳುತ್ತಾರೆ. ಮೆನುವಿನಲ್ಲಿ 'ಸುಪ್ಲಮಾಂ' ಅಂತ ಬರೆದಿರುವುದಕ್ಕೆಲ್ಲ ಹೆಚ್ಚಿನ ದರ. ತಳ್ಳುಗಾಡಿಯಲ್ಲಿ ಬರುವ ಚೀಸ್ ಕೂಡ ಸಾಮಾನ್ಯವಾಗಿ ಬೇರೆಯೇ.

ಇಬ್ಬರಿಗೆ ಲೆಕ್ಕ ನೋಡಿ. ಊಟ 60 ಯೂರೋದಂತೆ 120. ಎರಡು ಶಾಂಪೇನ್ 40, ಬಾಟಲಿ ನೀರು 9, ಚೀಸ್ 36, ಕಾಫಿ 12 ಅಂದುಕೊಳ್ಳಿ. ಒಟ್ಟು 217. ಜಗ್ಗಿನ ನೀರು ಕುಡಿದು, ಕಾಫಿ ಮಾತ್ರ ತಗೊಂಡರೆ 132. ಅಡುಗೆ ಎರಡರಲ್ಲೂ ಒಂದೇ. ವೈನ್ ಕುಡಿಯದವರಿಗೆ ಇಂಥ ಕಡೆ ದೊಡ್ಡ ಉಳಿತಾಯ, ಬೇಡ ಅಂದರೆ ಯಾರೂ ಕೀಳಾಗಿ ನೋಡುವುದಿಲ್ಲ.

ಫ್ರಾನ್ಸಿನಲ್ಲಿ ಪದಗಳ ಒಂದು ಗೊಂದಲ ಇದೆ. ಅಲ್ಲಿ 'ಮೆನು' ಅಂದರೆ ನಿಗದಿ ದರದ ಪೂರ್ತಿ ಊಟ, ನಮ್ಮ ಪ್ಲೇಟ್ ಮೀಲ್ಸ್ ಇದ್ದ ಹಾಗೆ. ನಾವು ಮೆನು ಅನ್ನುವುದಕ್ಕೆ ಅವರು 'ಕಾರ್ತ್' ಅನ್ನುತ್ತಾರೆ. 'ಆಂತ್ರೆ' ಅಂದರೆ ಮೊದಲು ಬರುವ ಸಣ್ಣ ತಟ್ಟೆ. ಮಧ್ಯಾಹ್ನದ ಅಗ್ಗದ ಮೆನುವನ್ನು ಕೆಲವು ಕಡೆ ತಾವಾಗಿ ತೋರಿಸುವುದಿಲ್ಲ. "ಮೆನು ದೆಜನೆ" ಇದೆಯಾ ಅಂತ ನೀವೇ ಕೇಳಿ.

ಆಮೇಲೆ ನಿರಾಳವಾಗಿ ಕೂರಿ. ಬಾಳೆ ಎಲೆ ಊಟದ ಹಾಗೆಯೇ ಇದು. ಎಲೆಯ ತುದಿಗೆ ಉಪ್ಪು, ಕೋಸಂಬರಿಯಿಂದ ಶುರುವಾಗಿ ಮಜ್ಜಿಗೆಯವರೆಗೆ ಒಂದು ಕ್ರಮ ಇದೆ ಅಲ್ವಾ, ಇಲ್ಲೂ ಹಾಗೆ. ಆರ್ಡರ್ ಮಾಡದೇ ಇದ್ದ ಒಂದೆರಡು ಸಣ್ಣ ತುತ್ತು ಮೊದಲು ಬರುತ್ತವೆ, ಕೊನೆಗೆ ಪುಟ್ಟ ಸಿಹಿಗಳು ಬರುತ್ತವೆ. ಇವು ಉಚಿತ, ಖುಷಿಯಾಗಿ ತಿನ್ನಿ. ಚಾಕು, ಫೋರ್ಕುಗಳಲ್ಲಿ ಹೊರಗಿನದನ್ನು ಮೊದಲು ಎತ್ತಿಕೊಂಡು ಒಳಕ್ಕೆ ಬನ್ನಿ. ತಿಂದು ಮುಗಿದರೆ ಎರಡನ್ನೂ ಒಟ್ಟಿಗೆ ತಟ್ಟೆಯ ಮೇಲಿಡಿ. ಇದು ಏನು, ಹೇಗೆ ಮಾಡಿದಿರಿ ಅಂತ ಕೇಳಿ. ಬಡಿಸುವವರ ಮುಖ ಅರಳುತ್ತದೆ. ಒಮ್ಮೆ ಹೀಗೆ ಕೇಳಿದ್ದಕ್ಕೆ ಅಡುಗೆಯವರೇ ಹೊರಗೆ ಬಂದು, ಬೀಟ್‌ರೂಟನ್ನು ಉಪ್ಪಿನ ಗಟ್ಟಿಯೊಳಗೆ ಹೂತು ಒಲೆಯಲ್ಲಿ ಬೇಯಿಸಿದ್ದನ್ನು ಕೈಸನ್ನೆಯಲ್ಲೇ ತೋರಿಸಿದರು. ಆ ಬೀಟ್‌ರೂಟಿನ ಸಿಹಿ ನನಗಿನ್ನೂ ನಾಲಿಗೆಯಲ್ಲಿದೆ.

ಎರಡು, ಎರಡೂವರೆ ಗಂಟೆ ಹಿಡಿಯುತ್ತದೆ. ಮೂರು ಗಂಟೆಗೆ ಇನ್ನೊಂದು ಟಿಕೆಟ್ ಇಟ್ಟುಕೊಳ್ಳಬೇಡಿ.

ಎಂಟನೇ ಹೆಜ್ಜೆ: ಬಿಲ್ಲು

ಯುರೋಪಿನಲ್ಲಿ ಕೇಳದೆ ಬಿಲ್ ತರುವುದಿಲ್ಲ. ತಂದರೆ ಎದ್ದು ಹೋಗಿ ಅಂದ ಹಾಗೆ ಅಂತ ಅವರ ಭಾವನೆ. "ಲಾದಿಸಿಯೋಂ, ಸಿಲ್ ವು ಪ್ಲೇ" ಅಂತ ನೀವೇ ಕೇಳಿ. ಬಂದ ಮೇಲೆ ಒಂದೊಂದು ಸಾಲೂ ಓದಿ.

ಕಾರ್ಡ್ ಮಷೀನ್ ಕೆಲವೊಮ್ಮೆ ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಾ ಅಂತ ಕೇಳುತ್ತದೆ. ರೂಪಾಯಿ ನೋಡಿ ಸಮಾಧಾನ ಅನ್ನಿಸಬಹುದು, ಆದರೆ ಒತ್ತಬೇಡಿ. ಆ ಲೆಕ್ಕದಲ್ಲಿ ಅವರ ಲಾಭ ಸೇರಿರುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ನಮ್ಮ ಮಾಮೂಲಿ ಕ್ರೆಡಿಟ್ ಕಾರ್ಡುಗಳು ವಿದೇಶದ ಖರ್ಚಿನ ಮೇಲೆ ಶೇ 2ರಿಂದ 3.5ರವರೆಗೆ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಈ ಶುಲ್ಕ ಇಲ್ಲದ ಕಾರ್ಡುಗಳೂ ಇವೆ. ಹೊರಡುವ ತಿಂಗಳ ಮುಂಚೆಯೇ ಒಂದು ಮಾಡಿಸಿಕೊಳ್ಳಿ, ವಿದೇಶದ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ.

ಅವತ್ತು ರಾತ್ರಿಗೆ ರೆಸ್ಟೋರೆಂಟ್ ಬೇಡ. ಹೊಟ್ಟೆಯಲ್ಲೂ ಜಾಗ ಇರುವುದಿಲ್ಲ. ಬರುವ ದಾರಿಯಲ್ಲಿ ಬೇಕರಿಯಿಂದ ಒಂದು ಬಾಗೆತ್ (ಉದ್ದನೆಯ ಬ್ರೆಡ್), ಸೂಪರ್‌ಮಾರ್ಕೆಟ್ಟಿನಿಂದ ಮೊಸರು, ಎರಡು ಹಣ್ಣು ತಗೊಳ್ಳಿ. ಬ್ಯಾಗಿನಲ್ಲಿ ಚಟ್ನಿಪುಡಿ ಹೇಗೂ ಇರುತ್ತದೆ.